ರಾತ್ರಿಯ ಚಿತ್ರಕ್ಕೆ ಈಗ ತಾನೇ ಒಳಬಂದ ಕಣ್ಣು ಬೇಕು

ರಾತ್ರಿ ಇದ್ದಕ್ಕಿದ್ದ ಹಾಗೆ ಕರೆಂಟ್ ಹೋಯಿತು ಅಂದುಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ. ಕೈ ಚಾಚಿ ಗೋಡೆ ಹುಡುಕುತ್ತೀರಿ. ಐದು ನಿಮಿಷ ಆದ ಮೇಲೆ ಕಿಟಕಿ ಎಲ್ಲಿದೆ ಅಂತ ಗೊತ್ತಾಗುತ್ತದೆ, ಆಮೇಲೆ ಮಂಚ, ಆಮೇಲೆ ಕುರ್ಚಿಯ ಮೇಲೆ ಬಿಟ್ಟ ಬಟ್ಟೆ. ಇಪ್ಪತ್ತು ಮೂವತ್ತು ನಿಮಿಷ ಕಳೆದರೆ ಅದೇ ಕೋಣೆಯಲ್ಲಿ ಆರಾಮಾಗಿ ಓಡಾಡುತ್ತೀರಿ. ಕೋಣೆಗೆ ಹೊಸ ಬೆಳಕೇನೂ ಬಂದಿಲ್ಲ. ನಿಮ್ಮ ಕಣ್ಣು ಕತ್ತಲಿಗೆ ಹೊಂದಿಕೊಂಡಿದೆ. ಆಗ ಹೊರಗಿನಿಂದ ಯಾರೋ ಬಂದು ಬಾಗಿಲಲ್ಲಿ ನಿಂತು "ಏನೂ ಕಾಣಿಸ್ತಾನೇ ಇಲ್ವಲ್ಲ" ಅನ್ನುತ್ತಾರೆ. ನಿಮಗೆ ಆಶ್ಚರ್ಯ. ಇಲ್ಲೇ ಇದೆಯಲ್ಲ ಕುರ್ಚಿ!

ಡಿಜಿಟಲ್‌ನಲ್ಲಿ ರಾತ್ರಿಯ ಚಿತ್ರ ಬರೆಯುವ ನಮಗೆಲ್ಲ ಆಗುವುದು ಇದೇ. ಒಂದು ಚಿತ್ರದ ಮುಂದೆ ಇಪ್ಪತ್ತು ಗಂಟೆ ಕೂತಿರುತ್ತೇವೆ. ದೋಣಿ ಎಲ್ಲಿದೆ, ಹಗ್ಗ ಎಲ್ಲಿದೆ, ಮರದ ಬುಡದಲ್ಲಿ ಯಾರು ಕೂತಿದ್ದಾರೆ, ಎಲ್ಲ ಬಾಯಿಪಾಠ ಆಗಿರುತ್ತದೆ. ಆ ಹೊತ್ತಿಗೆ ನಾವು ಚಿತ್ರವನ್ನು ನೋಡುತ್ತಿರುವುದಿಲ್ಲ, ನೆನಪು ಮಾಡಿಕೊಳ್ಳುತ್ತಿರುತ್ತೇವೆ. ಹಗಲಿನ ದೃಶ್ಯದಲ್ಲಿ ಇದು ಅಷ್ಟು ಕಾಡುವುದಿಲ್ಲ, ಕೈ ಕಾಲು ಸೊಟ್ಟ ಆಗಿದ್ದರೆ ಯಾವತ್ತೋ ಒಂದು ದಿನ ನಮಗೇ ಕಣ್ಣಿಗೆ ಹೊಡೆಯುತ್ತದೆ. ರಾತ್ರಿಯ ದೃಶ್ಯದಲ್ಲಿ ತಪ್ಪು ಕೂಡ ಕತ್ತಲಲ್ಲೇ ಕೂತಿರುತ್ತದೆ. ಅದಕ್ಕೇ ಬಾಗಿಲಲ್ಲಿ ನಿಂತ ಆ ಮನುಷ್ಯ ನಮಗೆ ಬೇಕು. ಅವರಿಂದ ಹೇಗೆ ಕೇಳಬೇಕು, ಅವರು ಹೇಳಿದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು, ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಅಷ್ಟೇ.

ನನ್ನದೇ ಒಂದು ಚಿತ್ರ ಇಟ್ಟುಕೊಂಡು ಹೇಳುತ್ತೇನೆ. ಪರದೆಯ ಮೇಲೆ ಈಗ ಇರುವುದು ಅದರ ಮೊದಲ ರೂಪ. ನದಿಯ ದಡ, ಒಂದು ದೋಣಿ, ದೋಣಿಯ ತುದಿಯಲ್ಲಿ ಲಾಟೀನು ಹಿಡಿದು ಕೂತ ಒಬ್ಬ ಮನುಷ್ಯ, ಎಡಕ್ಕೆ ದೊಡ್ಡ ಮರ, ಮೇಲೆ ತೆಳ್ಳನೆಯ ಚಂದ್ರ. ಮೂರು ವಾರ ಕೂತು ಬರೆದೆ. ಗೆಳೆಯರಿಗೆ ಕಳಿಸಿ "ಹೇಗಿದೆ?" ಅಂತ ಕೇಳಿದೆ. "ಚೆನ್ನಾಗಿದೆ", "ಸೂಪರ್", "ನೀರು ತುಂಬಾ ಚೆನ್ನಾಗಿ ಬಂದಿದೆ", ಹೀಗೆ ಹತ್ತು ಉತ್ತರ ಬಂತು. ಒಬ್ಬರು ಮಾತ್ರ ಬೇರೆ ಥರ ಬರೆದರು. "ಕಪ್ಪು ಪರದೆ, ಅದರಲ್ಲಿ ಒಂದು ಹಳದಿ ಚುಕ್ಕೆ. ಇಷ್ಟೇನಾ? ಫೈಲ್ ಸರಿಯಾಗಿ ಬಂದಿಲ್ಲ ಅನ್ಸುತ್ತೆ." ಅವರು ಮಧ್ಯಾಹ್ನ, ರಸ್ತೆಯಲ್ಲಿ ನಿಂತು, ಫೋನಿನಲ್ಲಿ ನೋಡಿದ್ದರು. ನನಗೆ ತುಂಬಾ ನೋವಾಯಿತು. ಆದರೆ ಆ ಹನ್ನೊಂದು ಉತ್ತರಗಳಲ್ಲಿ ಚಿತ್ರವನ್ನು ಮುಂದಕ್ಕೆ ಒಯ್ದದ್ದು ಅದೊಂದೇ.

ಯಾಕೆ ಅಂದರೆ, ಉಳಿದ ಹತ್ತು ಜನ ನನ್ನ ಪ್ರಶ್ನೆಗೆ ಉತ್ತರ ಕೊಟ್ಟರು. ಇವರು ತಮಗೆ ಕಂಡದ್ದನ್ನು ಹೇಳಿದರು. "ಹೇಗಿದೆ?" ಅಂತ ಕೇಳಿದರೆ ಎದುರಿನವರು ನಿಮ್ಮ ಮುಖ ನೋಡುತ್ತಾರೆ, ಚಿತ್ರ ನೋಡುವುದಿಲ್ಲ. ಇವನು ಮೂರು ವಾರ ಕಷ್ಟಪಟ್ಟಿದ್ದಾನೆ, ಬೇಜಾರು ಮಾಡಬಾರದು ಅಂತ ಅವರ ಮನಸ್ಸಿಗೆ ಬರುತ್ತದೆ. ಒಳ್ಳೆಯ ಮನಸ್ಸೇ ಅದು, ತಪ್ಪಿಲ್ಲ. ತಪ್ಪು ಪ್ರಶ್ನೆಯಲ್ಲಿದೆ.

ಈಗ ನಾನು ಕೇಳುವ ರೀತಿ ಬೇರೆ. ಚಿತ್ರವನ್ನು ಐದು ಸೆಕೆಂಡ್ ತೋರಿಸುತ್ತೇನೆ, ಮುಚ್ಚುತ್ತೇನೆ. ಆಮೇಲೆ "ಏನು ಕಂಡಿತು, ಅದರಲ್ಲಿ ಮೊದಲು ಕಂಡದ್ದು ಯಾವುದು?" ಅಂತ ಕೇಳುತ್ತೇನೆ. ಅಷ್ಟೇ. ಇದಕ್ಕೆ ಉತ್ತರ ಕೊಡಲು ಚಿತ್ರಕಲೆ ಗೊತ್ತಿರಬೇಕಾಗಿಲ್ಲ, ನನಗೆ ಬೇಜಾರಾದೀತು ಅನ್ನುವ ಅಳುಕೂ ಅವರಿಗೆ ಇರುವುದಿಲ್ಲ. ಕಂಡದ್ದು ಕಂಡಿತು, ಇಲ್ಲದ್ದು ಇಲ್ಲ. ಎರಡನೇ ಸಲ ಸ್ವಲ್ಪ ಜಾಸ್ತಿ ಹೊತ್ತು ತೋರಿಸಿ "ಬೆಳಕು ಎಲ್ಲಿಂದ ಬರ್ತಿದೆ? ಹೊತ್ತು ಎಷ್ಟಾಗಿರಬಹುದು?" ಅಂತ ಕೇಳುತ್ತೇನೆ. ರಾತ್ರಿಯ ಚಿತ್ರಕ್ಕೆ ಈ ಎರಡು ಪ್ರಶ್ನೆ ಬಹಳ ಮುಖ್ಯ. ಒಬ್ಬರು "ನಡುರಾತ್ರಿ" ಅಂದು ಇನ್ನೊಬ್ಬರು "ಮಳೆ ಬರುವ ಮುಂಚಿನ ಸಂಜೆ" ಅಂದರೆ, ನಿಮ್ಮ ಬೆಳಕು ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ ಅಂತ ಅರ್ಥ.

ದೋಣಿಯ ಚಿತ್ರವನ್ನು ಹೀಗೆ ಎಂಟು ಜನರಿಗೆ ತೋರಿಸಿದೆ. ಎಂಟೂ ಜನಕ್ಕೆ ಲಾಟೀನು ಕಂಡಿತು. ಆರು ಜನಕ್ಕೆ ಚಂದ್ರ. ದೋಣಿ ಮೂರು ಜನಕ್ಕೆ. ಮನುಷ್ಯ ಯಾರಿಗೂ ಕಾಣಲಿಲ್ಲ. ಒಬ್ಬನೇ ಒಬ್ಬನಿಗೂ! ನನಗೆ ಆ ಚಿತ್ರ ಅಂದರೆ ಆ ಮನುಷ್ಯನೇ. ಅವನ ಬೆನ್ನಿನ ಬಾಗು, ಲಾಟೀನು ಹಿಡಿದ ಕೈಯ ಗಂಟುಗಳು, ಇದಕ್ಕೇ ಒಂದು ವಾರ ಹೋಗಿತ್ತು.

ಹಳೇ ಕಾಲದ ಒಂದು ಕಥೆ ಇದೆ, ರೋಮಿನ ಪ್ಲಿನಿ ಬರೆದಿಟ್ಟದ್ದು. ಗ್ರೀಸಿನ ಅಪೆಲ್ಲೆಸ್ ಅನ್ನುವ ಚಿತ್ರಕಾರ ತನ್ನ ಚಿತ್ರವನ್ನು ಜನ ಓಡಾಡುವ ಕಡೆ ಇಟ್ಟು, ಅದರ ಹಿಂದೆ ಅಡಗಿ ನಿಂತು, ಬಂದುಹೋಗುವವರ ಮಾತು ಕೇಳುತ್ತಿದ್ದನಂತೆ. ಒಬ್ಬ ಚಮ್ಮಾರ ಬಂದು, ಚಪ್ಪಲಿಗೆ ಒಂದು ಕುಣಿಕೆ ಕಮ್ಮಿ ಇದೆ ಅಂದ. ಅಪೆಲ್ಲೆಸ್ ಅದನ್ನು ತಿದ್ದಿದ. ಮಾರನೇ ದಿನ ಚಮ್ಮಾರ ಬಂದು ನೋಡಿದ, ತನ್ನ ಮಾತು ನಡೆದಿದೆ ಅಂತ ಹುರುಪಾಗಿ, ಕಾಲಿನ ಬಗ್ಗೆಯೂ ಹೇಳಲು ಶುರುಮಾಡಿದ. ಆಗ ಅಪೆಲ್ಲೆಸ್ ಹೊರಗೆ ಬಂದು, ಚಪ್ಪಲಿಯಿಂದ ಮೇಲಕ್ಕೆ ಬರಬೇಡ ಅಂದನಂತೆ. ಈ ಕಥೆಯನ್ನು ಎಲ್ಲರೂ ಕೊನೆಯ ಮಾತಿಗಾಗಿ ಹೇಳುತ್ತಾರೆ. ನನಗೆ ಮೊದಲಿನ ಭಾಗವೇ ಇಷ್ಟ. ಅಷ್ಟು ದೊಡ್ಡ ಚಿತ್ರಕಾರ ತನ್ನ ಚಿತ್ರದ ಹಿಂದೆ ಸುಮ್ನೆ ನಿಂತು ಕೇಳಿಸಿಕೊಂಡನಲ್ಲ! ನೋಡುವವರ ಪಕ್ಕದಲ್ಲಿ ನಾವಿದ್ದರೆ ಅವರು ಮಾತಾಡುವ ರೀತಿಯೇ ಬದಲಾಗುತ್ತದೆ ಅಂತ ಅವನಿಗೆ ಗೊತ್ತಿತ್ತು. ಇನ್ನು ಚಪ್ಪಲಿ ಬಲ್ಲವರ ಹತ್ತಿರ ಚಪ್ಪಲಿಯ ಬಗ್ಗೆಯೇ ಕೇಳಬೇಕು, ಅದನ್ನಂತೂ ಬಿಡಬಾರದು.

ನನಗೂ ಅಂಥವರೊಬ್ಬರು ಸಿಕ್ಕಿದರು. ಚಿತ್ರ ಬರೆಯುವವರಲ್ಲ. ವರ್ಷಗಟ್ಟಲೆ ರಾತ್ರಿ ಪಾಳಿಯಲ್ಲಿ ಕೆಲಸ ಮಾಡಿದವರು, ಆಕಾಶ ನೋಡಿ ನೋಡಿ ಅಭ್ಯಾಸ. ಚಿತ್ರ ನೋಡಿ "ಇದು ಎಷ್ಟೊತ್ತು?" ಅಂದರು. ನಡುರಾತ್ರಿ ಅಂದೆ. "ಹಾಗಾದ್ರೆ ಬಿದಿಗೆ ಚಂದ್ರ ಅಷ್ಟು ಮೇಲೆ ಹೆಂಗಿರುತ್ತೆ? ಅದು ಸಂಜೆ ಸೂರ್ಯನ ಹಿಂದೇನೇ ಮುಳುಗಿಬಿಡುತ್ತಲ್ಲ." ನಿಜ. ತೆಳ್ಳನೆಯ ಚಂದ್ರ ಯಾವಾಗಲೂ ಸೂರ್ಯನ ಹತ್ತಿರವೇ ಇರುತ್ತದೆ. ಶುಕ್ಲಪಕ್ಷದಲ್ಲಿ ಸಂಜೆ ಪಡುವಣದಲ್ಲಿ ಕಂಡು ಬೇಗ ಮುಳುಗುತ್ತದೆ, ಕೃಷ್ಣಪಕ್ಷದ ಕೊನೆಯಲ್ಲಿ ಬೆಳಗಿನ ಜಾವ ಮೂಡಣದಲ್ಲಿ ಹುಟ್ಟುತ್ತದೆ. ನಡುರಾತ್ರಿ ನೆತ್ತಿಯ ಹತ್ತಿರ ಇರುವುದು ಹುಣ್ಣಿಮೆಯ ಆಸುಪಾಸಿನ ಚಂದ್ರ. ಅದೂ ಅಲ್ಲದೆ ನಾನು ಆ ಗೆರೆಯಂಥ ಚಂದ್ರನಿಂದ ಇಡೀ ದಡಕ್ಕೆ ಹುಣ್ಣಿಮೆಯ ಬೆಳಕು ಸುರಿಸಿದ್ದೆ. ನೋಡುವವರಿಗೆ ಏನು ತಪ್ಪಾಗಿದೆ ಅಂತ ಹೇಳಲು ಬರುವುದಿಲ್ಲ, ಆದರೆ ಏನೋ ಸರಿ ಇಲ್ಲ ಅನ್ನಿಸುತ್ತದೆ. ಆ ಅನ್ನಿಸಿಕೆಗೆ ಅವರು ಹೆಸರು ಕೊಟ್ಟರು. ಇದರ ಪರಿಹಾರ ಆಮೇಲೆ ಹೇಳುತ್ತೇನೆ, ಅದು ಇನ್ನೊಂದು ಸಮಸ್ಯೆಯ ಜೊತೆ ಸೇರಿಕೊಂಡಿದೆ.

ಈಗ ಮುಖ್ಯ ವಿಷಯ. ರಾತ್ರಿಯ ಚಿತ್ರಕ್ಕೆ ಬರುವ ಮಾತುಗಳಲ್ಲಿ ಅತಿ ಹೆಚ್ಚು ಬರುವುದು "ತುಂಬಾ ಕತ್ತಲಾಯ್ತು" ಅನ್ನುವುದು. ಇದನ್ನು ಕೇಳಿದ ತಕ್ಷಣ ನಾವು ಮಾಡುವ ಕೆಲಸ, ಬ್ರೈಟ್‌ನೆಸ್ ಎಳೆದು ಜಾಸ್ತಿ ಮಾಡುವುದು. ದಯವಿಟ್ಟು ಮಾಡಬೇಡಿ. ರಾತ್ರಿ ಹೋಗಿಬಿಡುತ್ತದೆ, ಬೂದಿ ಎರಚಿದ ಹಾಗಾಗುತ್ತದೆ. ನೋಡುವವರು ನೋವು ಎಲ್ಲಿದೆ ಅಂತ ಹೇಳುತ್ತಾರೆ, ಔಷಧಿ ನಾವು ಹುಡುಕಬೇಕು. "ಕತ್ತಲಾಯ್ತು" ಅನ್ನುವ ಒಂದೇ ಮಾತಿನ ಹಿಂದೆ ಬೇರೆ ಬೇರೆ ಕಾರಣ ಇರಬಹುದು.

ಮೊದಲನೆಯದು ಪರದೆ. ನೀವು ಎಲ್ಲಿ ಕೂತು ಬರೆಯುತ್ತೀರಿ? ಬಹಳ ಜನ ರಾತ್ರಿ, ಕೋಣೆಯ ದೀಪ ಆರಿಸಿ, ಪರದೆಯ ಬೆಳಕನ್ನು ಪೂರ್ತಿ ಏರಿಸಿ ಬರೆಯುತ್ತೇವೆ. ಆಗ ಕಪ್ಪಿನಿಂದ ಬಿಳಿಗೆ ಏರುವ ಮೆಟ್ಟಿಲುಗಳಲ್ಲಿ ಹತ್ತನೇ ಮೆಟ್ಟಿಲಿನ ಕಪ್ಪಿಗೂ ಹದಿನೈದನೇ ಮೆಟ್ಟಿಲಿನ ಕಪ್ಪಿಗೂ ಇರುವ ವ್ಯತ್ಯಾಸ ನಮಗೆ ಚೆನ್ನಾಗಿ ಕಾಣುತ್ತದೆ. ನೋಡುವವರು ಬೆಳಕಿನಲ್ಲಿ ನಿಂತು, ಬ್ಯಾಟರಿ ಉಳಿಸಲು ಬೆಳಕು ಇಳಿಸಿದ ಫೋನಿನಲ್ಲಿ ನೋಡುತ್ತಾರೆ. ಕೆಲವರ ಫೋನಿನಲ್ಲಿ ಸಂಜೆಯಾದರೆ ನೀಲಿ ಕಮ್ಮಿ ಮಾಡುವ ಸೆಟ್ಟಿಂಗ್ ತಾನೇ ಶುರುವಾಗುತ್ತದೆ, ನಿಮ್ಮ ನೀಲಿ ರಾತ್ರಿ ಅಲ್ಲಿ ಕಂದು ರಾತ್ರಿ. ಹಾಗಾಗಿ ಯಾರಾದರೂ ಕತ್ತಲು ಅಂದರೆ, ಮೊದಲು ಎಲ್ಲಿ ನೋಡಿದಿರಿ, ಯಾವುದರಲ್ಲಿ ನೋಡಿದಿರಿ ಅಂತ ಕೇಳಿ. ನಾನೀಗ ಚಿತ್ರ ಮುಗಿಯುವ ಮುಂಚೆಯೇ ಒಂದು ಸಲ ಹಗಲಲ್ಲಿ ಕಿಟಕಿ ಪಕ್ಕ ನಿಂತು, ಫೋನಿನ ಬೆಳಕು ಅರ್ಧಕ್ಕೆ ಇಳಿಸಿ ನೋಡುತ್ತೇನೆ.

ನೋಡುವ ಬೆಳಕು ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ ಹೇಳಲೇಬೇಕು. ಅರ್ಖಿಪ್ ಕುಯಿಂಜಿ ಅಂತ ರಷ್ಯಾದ ಚಿತ್ರಕಾರ. ನೀಪರ್ ನದಿಯ ಮೇಲಿನ ಬೆಳದಿಂಗಳ ಚಿತ್ರವನ್ನು 1880ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರದರ್ಶನಕ್ಕಿಟ್ಟ. ಇಡೀ ಪ್ರದರ್ಶನಕ್ಕೆ ಅದೊಂದೇ ಚಿತ್ರ. ಕೋಣೆ ಕತ್ತಲು ಮಾಡಿ, ಚಿತ್ರದ ಮೇಲೆ ಮಾತ್ರ ದೀಪದ ಬೆಳಕು ಬಿಟ್ಟಿದ್ದ. ಜನ ಸಾಲುಗಟ್ಟಿ ಬಂದರು, ಚಿತ್ರದ ಹಿಂದೆ ದೀಪ ಇಟ್ಟಿದ್ದಾರೆ ಅಂತ ಅನುಮಾನಪಟ್ಟು ಹಿಂದೆ ಇಣುಕಿ ನೋಡಿದರಂತೆ. ನೋಡುವವರ ಕಣ್ಣನ್ನು ಅವನು ಮೊದಲೇ ಕತ್ತಲಿಗೆ ಹೊಂದಿಸಿಬಿಟ್ಟಿದ್ದ. ನಮಗೆ ಆ ಅನುಕೂಲ ಇಲ್ಲ. ನಮ್ಮ ಚಿತ್ರ ಯಾರ ಕೈಯಲ್ಲಿ, ಯಾವ ಬಿಸಿಲಲ್ಲಿ ತೆರೆದುಕೊಳ್ಳುತ್ತದೋ ಯಾರಿಗೆ ಗೊತ್ತು?

ಇದಕ್ಕೆ ತದ್ವಿರುದ್ಧ ಇನ್ನೊಂದು. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ದೊಡ್ಡ ಚಿತ್ರವನ್ನು ಜಗತ್ತೆಲ್ಲ 'ನೈಟ್ ವಾಚ್' ಅಂತ ಕರೆಯುತ್ತದೆ. ಅದು ರಾತ್ರಿಯ ಚಿತ್ರವೇ ಅಲ್ಲ. ಮೇಲಿನ ವಾರ್ನಿಷ್ ವರ್ಷ ಕಳೆದಂತೆ ಕಪ್ಪಾಗಿ, ಹಗಲು ರಾತ್ರಿಯಾಗಿ, ಆಮೇಲಿನ ಜನ ಆ ಹೆಸರು ಇಟ್ಟರು. 1940ರ ದಶಕದಲ್ಲಿ ತೊಳೆದಾಗ ಒಳಗೆ ಹಗಲಿತ್ತು. ಅಂದರೆ ಬರೀ ಕಪ್ಪಾಗಿಸಿದರೂ ಜನ ರಾತ್ರಿ ಅಂದುಕೊಳ್ಳುತ್ತಾರೆ. ನಾವು ಡಿಜಿಟಲ್‌ನಲ್ಲಿ ಮೇಲೊಂದು ಕಡು ನೀಲಿ ಲೇಯರ್, ಅಂದರೆ ಪಾರದರ್ಶಕ ಹಾಳೆಯಂಥ ಪದರ ಹಾಕಿ, ಕೆಳಗಿನದೆಲ್ಲ ಕಪ್ಪಾಗುವ ಹಾಗೆ ಮಲ್ಟಿಪ್ಲೈ ಮಾಡಿ, ಇದು ರಾತ್ರಿ ಅನ್ನುತ್ತೇವಲ್ಲ, ಅದೂ ಒಂದು ಥರ ವಾರ್ನಿಷ್. ಹಗಲಿನ ನೆರಳುಗಳೆಲ್ಲ ಹಾಗೇ ಕೆಳಗೆ ಉಳಿದಿರುತ್ತವೆ, ಅಂಚುಗಳೆಲ್ಲ ಹಗಲಿನಷ್ಟೇ ಚೂಪಾಗಿರುತ್ತವೆ. "ಇದು ರಾತ್ರಿ ಅನ್ನಿಸ್ತಿಲ್ಲ, ಕಪ್ಪು ಕನ್ನಡಕ ಹಾಕ್ಕೊಂಡು ನೋಡಿದ ಹಗಲು" ಅಂತ ಯಾರಾದರೂ ಅಂದರೆ ಈ ಲೇಯರನ್ನು ಒಮ್ಮೆ ಆರಿಸಿ ನೋಡಿ.

ಎರಡನೇ ಕಾರಣ ಇನ್ನೂ ದೊಡ್ಡದು. ಪರದೆ ಸರಿ ಇದ್ದರೂ ಕತ್ತಲು ಅನ್ನಿಸುವುದು, ಕತ್ತಲೊಳಗೆ ಅಂತರ ಇಲ್ಲದಿದ್ದಾಗ. ನನ್ನ ಚಿತ್ರದಲ್ಲಿ ಬಣ್ಣ ಎಷ್ಟು ಬೆಳ್ಳಗಿದೆ ಅಂತ ಅಂಕಿಯಲ್ಲಿ ತೋರಿಸುವ ಕಲರ್ ಪಿಕರ್ ಇಟ್ಟು ನೋಡಿದೆ. ನೂರಕ್ಕೆ ಮನುಷ್ಯನ ಬೆನ್ನಿನ ಬೆಳಕು 9. ಅವನ ಹಿಂದಿನ ನೀರು 7. ಮರ 8. ಮೂರೂ ಒಂದೇ ಮುದ್ದೆ! ನನ್ನ ಕಣ್ಣಿಗೆ ಅದರೊಳಗೆ ಬೆನ್ನಿನ ಬಾಗು ಕಾಣುತ್ತಿತ್ತು, ಯಾಕೆಂದರೆ ಅದನ್ನು ಬರೆದ ಕೈ ನನ್ನದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇಲ್ಲಿ ಮುದ್ದು ಅನ್ನುವುದಕ್ಕಿಂತ ಹೆಗ್ಗಣ ಹೆತ್ತವರಿಗೆ ಮಾತ್ರ ಕಾಣುತ್ತಿತ್ತು.

ಹಾಗಾದರೆ ಮನುಷ್ಯನನ್ನು ಬೆಳಗಿಸಬೇಕಾ? ನಾನು ಮೊದಲು ಅದನ್ನೇ ಮಾಡಿದೆ. ಅಂಚಿಗೆ ತೆಳ್ಳಗೆ ನೀಲಿ ಬೆಳಕು ಕೊಟ್ಟೆ, ಮೈಗೆ ಸ್ವಲ್ಪ ಬಣ್ಣ ಕೊಟ್ಟೆ. ಅವನು ಕಂಡ, ಆದರೆ ಕತ್ತರಿಸಿ ಅಂಟಿಸಿದ ಹಾಗೆ ಕಂಡ. ಆಮೇಲೆ ಎಲ್ಲ ಅಳಿಸಿ, ಅವನನ್ನು 9ರಲ್ಲೇ ಬಿಟ್ಟು, ಅವನ ಹಿಂದಿನ ನೀರನ್ನು 22ಕ್ಕೆ ಏರಿಸಿದೆ. ನೀರು ಆಕಾಶವನ್ನು ತೋರಿಸುವ ಕನ್ನಡಿ ತಾನೇ, ಅದು ಬೆಳ್ಳಗಿದ್ದರೆ ಯಾರಿಗೂ ತಕರಾರಿಲ್ಲ. ಮನುಷ್ಯ ಕಪ್ಪಗೆ, ಸ್ಪಷ್ಟವಾಗಿ ಎದ್ದು ನಿಂತ. ಕೈಯ ಗಂಟುಗಳು ಹೋದವು. ಒಂದು ವಾರದ ಕೆಲಸ, ಹೋಯಿತು. ಬೆನ್ನಿನ ಬಾಗು ಉಳಿಯಿತು, ಬೇಕಾಗಿದ್ದುದೂ ಅದೇ. ರಾತ್ರಿ ಒಂದು ವಸ್ತುವನ್ನು ಕಾಣಿಸಬೇಕಾದರೆ ಎಷ್ಟೋ ಸಲ ವಸ್ತುವನ್ನು ಮುಟ್ಟದೆ ಅದರ ಹಿಂದಿನದನ್ನು ಬದಲಿಸಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, "ಕಾಣ್ತಿಲ್ಲ" ಅನ್ನುವ ಮಾತೇ ಅಲ್ಲಿಗೆ ಕರೆದುಕೊಂಡು ಹೋಯಿತು.

ಇದನ್ನು ನೀವೇ ಪರೀಕ್ಷಿಸಿಕೊಳ್ಳಲು ಸುಲಭದ ದಾರಿಗಳಿವೆ. ಎಲ್ಲ ಲೇಯರುಗಳ ಮೇಲೆ ಒಂದು ಹೊಸ ಲೇಯರ್ ಮಾಡಿ, ಪೂರ್ತಿ ಕಪ್ಪು ತುಂಬಿ, ಅದು ಕೆಳಗಿನದರ ಜೊತೆ ಬೆರೆಯುವ ರೀತಿಯನ್ನು, ಅಂದರೆ ಬ್ಲೆಂಡ್ ಮೋಡನ್ನು, 'ಕಲರ್' ಅಂತ ಇಡಿ. ಬಣ್ಣ ಹೋಗಿ ಬರೀ ಬೆಳಕು ನೆರಳು ಉಳಿಯುತ್ತದೆ. ಚಿತ್ರವನ್ನು ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ. ಎಡಬಲ ತಿರುಗಿಸಿ ನೋಡಿ, ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಾದರೆ ಎಂ ಕೀ ಒತ್ತಿದರೆ ಸಾಕು. ಇದು ಹೊಸ ಉಪಾಯವೇನಲ್ಲ. ಲಿಯೊನಾರ್ಡೊ ಡಾ ವಿಂಚಿಯೇ ಚಿತ್ರಕಾರರಿಗೆ ಹೇಳಿದ್ದ, ನಿಮ್ಮ ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ಆಗ ಬೇರೆ ಯಾರೋ ಬರೆದ ಹಾಗೆ ಕಂಡು ತಪ್ಪುಗಳು ಗೊತ್ತಾಗುತ್ತವೆ ಅಂತ. ಇವೆಲ್ಲ ಮಾಡಿ ಆಮೇಲೆ ಇನ್ನೊಬ್ಬರಿಗೆ ಕಳಿಸಿ. ನಿಮಗೇ ಸಿಗಬಹುದಾದ ತಪ್ಪನ್ನು ಹುಡುಕುವುದರಲ್ಲಿ ಅವರ ಮೊದಲ ನೋಟ ಹಾಳಾಗಬಾರದು. ಒಬ್ಬ ಮನುಷ್ಯನಿಂದ ಮೊದಲ ನೋಟ ಒಂದೇ ಸಲ ಸಿಗುತ್ತದೆ. ಎರಡನೇ ಸಲ ತೋರಿಸುವಾಗ ಅವರ ಕಣ್ಣೂ ಹೊಂದಿಕೊಂಡಿರುತ್ತದೆ. ನಾನು ಅದಕ್ಕೇ ಈಗ ಎಂಟೂ ಜನರಿಗೆ ಒಟ್ಟಿಗೆ ತೋರಿಸುವುದಿಲ್ಲ. ಮೂವರಿಗೆ ತೋರಿಸಿ, ತಿದ್ದಿ, ಇನ್ನು ಮೂವರಿಗೆ ತೋರಿಸುತ್ತೇನೆ.

ಇನ್ನೊಂದು ಮಾತು ಬರುತ್ತದೆ. "ನೀಲಿ ಜಾಸ್ತಿ ಆಯ್ತು." ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಇಲ್ಲಿ ನಮ್ಮಲ್ಲಿ ತುಂಬಾ ಗೊಂದಲ ಇದೆ. ಬೆಳದಿಂಗಳು ನಿಜವಾಗಿ ನೀಲಿ ಅಲ್ಲ. ಅದು ಚಂದ್ರನ ಮೇಲೆ ಬಿದ್ದು ಬಂದ ಬಿಸಿಲೇ. ಚಂದ್ರ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಹನ್ನೆರಡು ಭಾಗದಷ್ಟು ಮಾತ್ರ ಹಿಂದಕ್ಕೆ ಕಳಿಸುತ್ತದೆ, ಅದೂ ಬಿಸಿಲಿಗಿಂತ ಒಂದು ಚೂರು ಹಳದಿಯ ಕಡೆಗೇ ಇರುತ್ತದೆ. ಹುಣ್ಣಿಮೆಯ ಬೆಳಕು ನಡು ಮಧ್ಯಾಹ್ನದ ಬಿಸಿಲಿಗಿಂತ ಸುಮಾರು 4 ಲಕ್ಷ ಪಟ್ಟು ಕಮ್ಮಿ. ಅಷ್ಟು ಕಮ್ಮಿ ಬೆಳಕಿನಲ್ಲಿ ನಮ್ಮ ಕಣ್ಣಿನ ಬಣ್ಣ ನೋಡುವ ಕೋಶಗಳು, ಅಂದರೆ ಕೋನ್‌ಗಳು, ಹೆಚ್ಚುಕಮ್ಮಿ ಕೈಬಿಡುತ್ತವೆ. ರಾಡ್ ಅನ್ನುವ ಇನ್ನೊಂದು ಬಗೆಯ ಕೋಶಗಳು ಕೆಲಸ ಮಾಡುತ್ತವೆ. ಅವಕ್ಕೆ ಬಣ್ಣ ಗೊತ್ತಿಲ್ಲ, ಆದರೆ ನೀಲಿ ಹಸಿರಿನ ಕಡೆಯ ಬೆಳಕು ಚೆನ್ನಾಗಿ ತಾಗುತ್ತದೆ, ಕೆಂಪು ತಾಗುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಅದಕ್ಕೇ ಮುಸ್ಸಂಜೆಯಲ್ಲಿ ಕೆಂಪು ಹೂವು ಮೊದಲು ಕಪ್ಪಾಗುತ್ತದೆ, ಎಲೆ ಆಮೇಲೂ ಕಾಣುತ್ತಿರುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಗಮನಿಸಿ ಬರೆದ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿಯ ಹೆಸರೇ ಈ ಬದಲಾವಣೆಗೆ ಇದೆ.

ಇದು ನಮ್ಮ ಚಿತ್ರಕ್ಕೆ ಏನು ಮಾಡುತ್ತದೆ ಅಂದರೆ, ನನ್ನ ದೋಣಿಯ ಮನುಷ್ಯನ ಹೆಗಲ ಮೇಲೆ ಒಂದು ಕೆಂಪು ಬಟ್ಟೆ ಇತ್ತು. ನೋಡಿ, ಇಲ್ಲಿ. ಹಗಲಿನ ಕೆಂಪನ್ನೇ ಸ್ವಲ್ಪ ಕಪ್ಪು ಮಾಡಿ ಹಾಕಿದ್ದೆ. ಒಬ್ಬರು "ಆ ಕೆಂಪು ಚಿತ್ರದ ಮೇಲೆ ತೇಲ್ತಾ ಇದೆ" ಅಂದರು. ಎಷ್ಟು ಸರಿಯಾದ ಮಾತು! ಬೆಳದಿಂಗಳು ಬಿದ್ದ ಕಡೆ ಆ ಬಟ್ಟೆ ಹೆಚ್ಚುಕಮ್ಮಿ ಕಪ್ಪಾಗಿರಬೇಕಿತ್ತು. ಲಾಟೀನಿನ ಬೆಳಕು ತಾಗುವ ಒಂದು ಮಡಿಕೆಯಲ್ಲಿ ಮಾತ್ರ ಕೆಂಪು ಉರಿಯಬೇಕಿತ್ತು. ಹಾಗೆ ಮಾಡಿದೆ. ಬೆರಳಿನ ಉಗುರಿನಷ್ಟು ಜಾಗದಲ್ಲಿ ಕೆಂಪು ಉಳಿಯಿತು, ಆದರೆ ಮೊದಲಿಗಿಂತ ಜಾಸ್ತಿ ಕೆಂಪಾಗಿ ಕಂಡಿತು. ಆಮೇಲೆ ಅದೇ ದೃಷ್ಟಿಯಲ್ಲಿ ಉಳಿದದ್ದನ್ನೆಲ್ಲ ನೋಡಿದೆ. ನೀರಿನ ನೀಲಿಯನ್ನು ಅರ್ಧದಷ್ಟು ಬೂದಿಗೆ ಎಳೆದೆ. ಲಾಟೀನಿನ ಕಿತ್ತಳೆ ಬಣ್ಣದ ಪಕ್ಕದಲ್ಲಿ ಬೂದಿಯೇ ನೀಲಿಯಾಗಿ ಕಾಣುತ್ತದೆ, ನೀಲಿಯನ್ನು ನಾವು ಸುರಿಯಬೇಕಾಗಿಲ್ಲ.

ದೀಪದ ವಿಷಯ ಬಂತಲ್ಲ. "ಲಾಟೀನು ಉರೀತಾ ಇದೆ ಅನ್ನಿಸಲ್ಲ, ಸ್ಟಿಕರ್ ಥರ ಇದೆ." ಇದೂ ನನಗೆ ಬಂದ ಮಾತೇ. ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹೊಸ ಲೇಯರ್, ಕೆಳಗಿನದಕ್ಕೆ ಬೆಳಕು ಕೂಡಿಸುವ ಆಡ್ ಮೋಡ್, ದೊಡ್ಡ ಮೆತ್ತನೆಯ ಬ್ರಷ್, ಕಿತ್ತಳೆ ಬಣ್ಣ, ಒಂದು ಸಲ ಒತ್ತುವುದು. ಸುತ್ತ ಒಂದು ದುಂಡನೆಯ ಮಂಜು ಬಂತು. ಆದರೆ ದೀಪ ಉರಿಯುವುದು ಗೊತ್ತಾಗುವುದು ದೀಪದಲ್ಲಲ್ಲ, ಅದು ತಾಗಿದ ವಸ್ತುಗಳಲ್ಲಿ. ಆ ಲೇಯರನ್ನು ತೆಗೆದುಬಿಟ್ಟೆ. ದೀಪ ಹಿಡಿದ ಕೈಯ ಒಳಭಾಗ, ದೋಣಿಯ ಅಂಚು, ಹಗ್ಗದ ಒಂದು ಸುತ್ತು, ಮೊಣಕಾಲು, ಇಷ್ಟಕ್ಕೆ ಬೆಳಕು ಬರೆದೆ. ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಅಷ್ಟು ಬೇಗ ಸಾಯುತ್ತದೆ ಬೆಳಕು. ನಾನು ದೋಣಿಯ ಆ ತುದಿಯವರೆಗೂ ಒಂದೇ ಸಮ ಹಚ್ಚಿದ್ದೆ. ಕೈಯಿಂದ ಮೊಣಕಾಲಿಗೆ ಬರುವಷ್ಟರಲ್ಲಿ ಇಳಿಸಿದೆ, ದೋಣಿಯ ನಡುವಿಗೆ ಬಂದಾಗ ಪೂರ್ತಿ ಬಿಟ್ಟೆ. ಜ್ವಾಲೆಯ ನಡುವೆ ಹೆಚ್ಚುಕಮ್ಮಿ ಬಿಳಿ, ಬಣ್ಣ ಎಲ್ಲ ಅಂಚಿನಲ್ಲಿ. ನೀರಿನ ಮೇಲಿನ ಪ್ರತಿಬಿಂಬವನ್ನೂ ಓರೆಯಾಗಿ ಬರೆದಿದ್ದೆ. ದೀಪದ ನೇರ ಕೆಳಗೆ ನಮ್ಮ ಕಡೆಗೆ ಇಳಿದು ಬರುವ ಉದ್ದನೆಯ, ಅಲೆಗಳಲ್ಲಿ ತುಂಡು ತುಂಡಾದ ಪಟ್ಟೆ ಅದಾಗಿರಬೇಕು. ಅದನ್ನೂ ತಿದ್ದಿದೆ.

ಆದರೂ ಎರಡನೇ ಸುತ್ತಿನಲ್ಲಿ ಜನರ ಕಣ್ಣು ಲಾಟೀನಿಗೂ ಚಂದ್ರನಿಗೂ ನಡುವೆ ಓಡಾಡುತ್ತಿತ್ತು. ಎರಡೂ 98ರ ಬೆಳಕಿನಲ್ಲಿದ್ದವು. ಆಗ ಆ ರಾತ್ರಿ ಪಾಳಿಯವರ ಮಾತು ನೆನಪಾಯಿತು. ತಪ್ಪು ಚಂದ್ರ, ಅದರ ಮೇಲೆ ದೀಪದ ಜೊತೆ ಪೈಪೋಟಿ. ಚಂದ್ರನನ್ನು ಚಿತ್ರದಿಂದಲೇ ಹೊರಗೆ ಕಳಿಸಿದೆ. ಚೌಕಟ್ಟಿನ ಮೇಲುಗಡೆ ಎಲ್ಲೋ ಹುಣ್ಣಿಮೆ ಇದೆ, ಅದರ ಬೆಳಕು ಮೋಡದ ಅಂಚಿನಲ್ಲಿ, ನೀರಿನ ಮೇಲೆ ಇದೆ, ಅಷ್ಟು ಸಾಕಾಯಿತು. ಎರಡು ಬೇರೆ ಬೇರೆ ಜನರ ಎರಡು ಬೇರೆ ದೂರು, ಪರಿಹಾರ ಒಂದೇ. ಹೀಗೆ ಆಗುವುದು ಅಪರೂಪವಲ್ಲ. ಅದಕ್ಕೇ ಒಂದೊಂದು ಮಾತು ಬಂದ ಹಾಗೆ ಒಂದೊಂದನ್ನು ತಿದ್ದುತ್ತಾ ಹೋಗಬೇಡಿ. ಎಲ್ಲವನ್ನೂ ಒಂದು ಕಡೆ ಬರೆದಿಟ್ಟು, ಒಂದು ರಾತ್ರಿ ಮಲಗಿ ಎದ್ದು, ಆಮೇಲೆ ನೋಡಿ.

ಯಾವಾಗ ತೋರಿಸಬೇಕು ಅಂತ ತುಂಬಾ ಜನ ಕೇಳುತ್ತಾರೆ. ನೀವು ಅಂದುಕೊಂಡದ್ದಕ್ಕಿಂತ ಬೇಗ. ದೊಡ್ಡ ಕತ್ತಲು ಬೆಳಕಿನ ತುಂಡುಗಳು ಕೂತ ಕೂಡಲೇ, ವಿವರ ಬರೆಯುವ ಮುಂಚೆ. ನಾನು ಕೈಯ ಗಂಟುಗಳನ್ನು ಬರೆಯುವ ಮುಂಚೆ ತೋರಿಸಿದ್ದರೆ ಆ ಒಂದು ವಾರ ಉಳಿಯುತ್ತಿತ್ತು.

ಕೆಲವರು ನಿಮ್ಮ ಚಿತ್ರದ ಮೇಲೇ ಬರೆದು ತೋರಿಸುತ್ತಾರೆ. ತುಂಬಾ ಉಪಕಾರದ ಕೆಲಸ ಅದು. ಅವರ ಸಮಯ ನಿಮಗೆ ಕೊಡುತ್ತಿದ್ದಾರೆ. ಆ ಲೇಯರನ್ನು ಹಾಗೇ ನಿಮ್ಮ ಫೈಲಿಗೆ ಸೇರಿಸಿಕೊಳ್ಳಬೇಡಿ. ಅದನ್ನು ಹಚ್ಚಿ ಆರಿಸಿ, ಹಚ್ಚಿ ಆರಿಸಿ ನೋಡಿ. ಅವರು ಎಲ್ಲಿ ಮುಟ್ಟಿದ್ದಾರೆ, ಎಲ್ಲಿ ಮುಟ್ಟಿಲ್ಲ? ನನ್ನ ಮರದ ಮೇಲೆ ಒಬ್ಬರು ಎಲೆಗಳ ಅಂಚನ್ನೆಲ್ಲ ಮಸುಕು ಮಾಡಿದ್ದರು. ಮೊದಲು ಸಿಟ್ಟು ಬಂತು. ಹತ್ತು ಸಲ ಹಚ್ಚಿ ಆರಿಸಿದ ಮೇಲೆ ಗೊತ್ತಾಯಿತು, ಅಂಚುಗಳು ಚೂಪಾಗಿದ್ದಾಗ ಕಣ್ಣು ಮರಕ್ಕೆ ಹೋಗುತ್ತಿತ್ತು, ಮಸುಕಾದಾಗ ದೋಣಿಗೆ ಬರುತ್ತಿತ್ತು. ಅವರ ಮಸುಕನ್ನು ಬಿಟ್ಟು, ನನ್ನ ರೀತಿಯಲ್ಲಿ ಮರವನ್ನು ಮತ್ತೆ ಬರೆದೆ. ಇನ್ನೊಬ್ಬರು ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತಿದೆ ಅಂದರು. ಅದು ಕಣ್ಣಿನದಲ್ಲ, ಫೈಲಿನ ಸಮಸ್ಯೆ. 8 ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಕತ್ತಲಿನ ಆಕಾಶದಲ್ಲಿ 10ರಿಂದ 30ರವರೆಗೆ ಮಾತ್ರ ಏರಿದರೆ, 2000 ಪಿಕ್ಸೆಲ್ ಎತ್ತರಕ್ಕೆ ಇಪ್ಪತ್ತೇ ಮೆಟ್ಟಿಲು, ಒಂದೊಂದೂ ನೂರು ಪಿಕ್ಸೆಲ್ ಅಗಲ. ಪಟ್ಟೆ ಕಾಣದೆ ಇರುತ್ತದಾ? 16 ಬಿಟ್‌ನಲ್ಲಿ ಬರೆಯಿರಿ, ಕೊನೆಗೆ ಸ್ವಲ್ಪ ನಾಯ್ಸ್, ಅಂದರೆ ಸಣ್ಣ ಸಣ್ಣ ಚುಕ್ಕೆ, ಸೇರಿಸಿ, ಜೆಪೆಗ್ ಉಳಿಸುವಾಗ ತೀರಾ ಚಿಕ್ಕದಾಗಿ ಒತ್ತಬೇಡಿ.

ಎಲ್ಲ ಮಾತನ್ನೂ ಕೇಳಬೇಕಾ? ಇಲ್ಲ. 1877ರಲ್ಲಿ ರಸ್ಕಿನ್ ಅನ್ನುವ ದೊಡ್ಡ ವಿಮರ್ಶಕ, ವಿಸ್ಲರ್ ಬರೆದ ರಾತ್ರಿಯ ಚಿತ್ರವೊಂದನ್ನು ನೋಡಿ, ಜನರ ಮುಖಕ್ಕೆ ಬಣ್ಣದ ಡಬ್ಬಿ ಎಸೆದಿದ್ದಾನೆ ಅನ್ನುವ ಅರ್ಥದಲ್ಲಿ ಬರೆದ. ಕತ್ತಲ ಆಕಾಶದಲ್ಲಿ ಪಟಾಕಿಯ ಕಿಡಿಗಳು ಬೀಳುವ ಚಿತ್ರ ಅದು. ವಿಸ್ಲರ್ ಕೋರ್ಟಿಗೆ ಹೋದ, 1878ರಲ್ಲಿ ಗೆದ್ದ, ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಆಗಿನ ಪೆನ್ನಿಯ ಕಾಲು ಭಾಗ. ಖರ್ಚಿನಲ್ಲಿ ಮುಳುಗಿ ದಿವಾಳಿಯಾದ. ಆ ಚಿತ್ರದಲ್ಲಿ ವಿವರ ಕಮ್ಮಿ, ಅಂಚುಗಳಿಲ್ಲ, ಅದು ನಿಜ. ವಿಸ್ಲರ್‌ಗೆ ಬೇಕಾಗಿದ್ದುದೇ ಅದು. ಅವನಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿತ್ತು. ನಮಗೂ ಗೊತ್ತಿರಬೇಕು. ನಾನು ಚಿತ್ರ ಶುರು ಮಾಡುವಾಗಲೇ ಒಂದು ಸಾಲು ಬರೆದು ಲೇಯರಿನ ಹೆಸರಾಗಿ ಇಡುತ್ತೇನೆ. ದೋಣಿಯ ಚಿತ್ರದ ಸಾಲು, 'ಇವನು ಬಹಳ ಹೊತ್ತಿನಿಂದ ಕಾಯುತ್ತಿದ್ದಾನೆ' ಅಂತ ಇತ್ತು. ಒಬ್ಬರು ಮಿಂಚುಹುಳ ಹಾಕಿ ಅಂದರು, ನಕ್ಷತ್ರ ಜಾಸ್ತಿ ಮಾಡಿ ಅಂದರು. ಚಂದ ಕಾಣುತ್ತಿತ್ತು, ಸಂಶಯ ಇಲ್ಲ. ಕಾಯುವ ಮನುಷ್ಯನ ಸುತ್ತ ಅಷ್ಟು ಸಡಗರ ಬೇಡ ಅನ್ನಿಸಿತು, ಬಿಟ್ಟೆ. ಅವರಿಗೆ ಧನ್ಯವಾದ ಹೇಳಿ ಯಾಕೆ ಬಿಟ್ಟೆ ಅಂತಲೂ ಹೇಳಿದೆ. ವಾದ ಮಾಡಲಿಲ್ಲ. ವಾದ ಮಾಡಿದರೆ ಮುಂದಿನ ಸಲ ಅವರು "ಚೆನ್ನಾಗಿದೆ" ಅಂದು ಸುಮ್ಮನಾಗುತ್ತಾರೆ, ನನಗೆ ಅದಕ್ಕಿಂತ ದೊಡ್ಡ ನಷ್ಟ ಇಲ್ಲ.

ಇದು ಈಗಿನ ರೂಪ. ಪಕ್ಕದಲ್ಲಿ ಹಳೆಯದು. ಮೂರನೇ ಸುತ್ತಿನಲ್ಲಿ ಮೂವರಲ್ಲಿ ಇಬ್ಬರು ಮೊದಲು ಮನುಷ್ಯನನ್ನು ಹೇಳಿದರು. ಒಬ್ಬರಿಗೆ ಇನ್ನೂ ಲಾಟೀನೇ ಮೊದಲು. ಬಲಗಡೆಯ ದಡ ಇನ್ನೂ ಖಾಲಿ ಅನ್ನಿಸುತ್ತದೆ ಅಂತ ಮೂವರೂ ಹೇಳಿದ್ದಾರೆ, ಅದನ್ನು ಇನ್ನೂ ಬಿಡಿಸಿಕೊಳ್ಳಬೇಕು.

ಈಗ ನಿಮ್ಮ ಚಿತ್ರಗಳನ್ನು ನೋಡೋಣ. ಪರದೆ ಸರಿಯಾಗಿ ಕಾಣಲ್ಲ ಅಂತ ಹಿಂದಿನಿಂದ ಯಾರೋ ದೀಪ ಆರಿಸಲು ಎದ್ದಿರಿ, ಆರಿಸಬೇಡಿ, ಇರಲಿ. ಈ ಬೆಳಕಲ್ಲೇ ನೋಡೋಣ. ಮೊದಲ ಚಿತ್ರ ಹಾಕಿ. ಐದು ಸೆಕೆಂಡ್. ಬರೆದವರು ಯಾರು ಅಂತ ಈಗಲೇ ಹೇಳಬೇಡಿ.